ಜಯಮ್ಮನ ಕ್ಯಾನ್ವಾಸ್ ಬೂಟು

ಮೂವತ್ತೆಂಟು ವರ್ಷ ನಾನು ಜನರ ಕಾಲ ಬಳಿ ಕುಳಿತು ಸಂಸಾರ ಸಾಗಿಸಿದವನು. ಮಡಿಕೇರಿ ಪೇಟೆಯಲ್ಲಿ ಒಂದು ಬೂಟು ಚಪ್ಪಲಿ ಅಂಗಡಿ. ಬಾಗಿಲ ಬಲಕ್ಕೆ ಒಂದು ಬೆಂಚು, ಬೆಂಚಿನ ಮುಂದೆ ಒಂದು ಗಿಡ್ಡ ಸ್ಟೂಲು. ಗಿರಾಕಿ ಬೆಂಚಿನ ಮೇಲೆ, ನಾನು ಸ್ಟೂಲಿನ ಮೇಲೆ. ಊರಿನ ಅರ್ಧ ಜನರ ಮುಖಕ್ಕಿಂತ ಅವರ ಪಾದವೇ ನನಗೆ ಹೆಚ್ಚು ಪರಿಚಯ.

ಕಳೆದ ವರ್ಷ ಮೊಮ್ಮಗಳ ಜೊತೆ ಮೈಸೂರಿನ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆ. ಅವಳಿಗೆ ಕಣಕಾಲು ಮುಚ್ಚುವ ಕ್ಯಾನ್ವಾಸ್ ಬೂಟು ಬೇಕಿತ್ತು. ನನ್ನ ಕಾಲದ ಹಾಕಿ ಆಟದ ಬೂಟು ಈಗ ಮತ್ತೆ ಫ್ಯಾಶನ್ ಆಗಿದೆಯಂತೆ. ಅಂಗಡಿಯ ಹುಡುಗ ಬಹಳ ಮರ್ಯಾದಸ್ಥ. ಆದರೆ ಅವಳ ಪಾದದ ಕಡೆ ಒಮ್ಮೆಯೂ ನೋಡಲಿಲ್ಲ. ನಂಬರು ಕೇಳಿದ, ಪೆಟ್ಟಿಗೆ ತಂದ, ಕೊಟ್ಟ. ಅವನನ್ನು ದೂರುವುದಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ನನಗೆ ಹೇಳಿಕೊಟ್ಟವರಿದ್ದರು. ಹಾಗಾಗಿ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆಂದು ನಾಲ್ಕು ಮಾತು ಬರೆದಿಡುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಆ ಅಂಗಡಿಗೆ ಸೇರಿದೆ. ಅದಕ್ಕೆ ಮೊದಲು ಮೂರ್ನಾಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವ ಆ ಕೆಲಸದಲ್ಲಿ ಕೈಗಿಂತ ಗಂಟಲಿಗೆ ದುಡಿಮೆ ಜಾಸ್ತಿ. ದಿನವೆಲ್ಲ ಯಾರನ್ನಾದರೂ ಗದರುತ್ತಿರಬೇಕು. ಅದು ನನಗೆ ಒಗ್ಗಲಿಲ್ಲ. ಪೇಟೆಯ ಅಂಗಡಿಯಲ್ಲಿ ಆಳು ಬೇಕು ಎಂದು ಕೇಳಿ ಹೋಗಿ ಸೇರಿಬಿಟ್ಟೆ. ಮನೆಯಲ್ಲಿ ದೊಡ್ಡ ರಂಪವಾಯಿತು. ನಮ್ಮದು ಅರೆಭಾಷೆ ಗೌಡರ ಮನೆ. ಗದ್ದೆ, ಸ್ವಲ್ಪ ಕಾಫಿ ಇದ್ದವರು. ದೊಡ್ಡಪ್ಪ ಜಗಲಿಯಲ್ಲಿ ಕುಳಿತು ಕೇಳಿದರು: "ಕಂಡವ್ರ ಕಾಲ್ ಹಿಡಿಯೊ ಕೆಲ್ಸ ನಿಂಗೆ ಬೇಕಾ? ತೋಟಲಿ ಕೆಲ್ಸ ಇಲ್ಲೆನಾ?"

ಮರುದಿನ ಬಸ್ಸು ಹತ್ತಿದೆ.

ಅಂಗಡಿಯ ಯಜಮಾನರು ಮೊಯ್ದು ಎಂಬ ಮಾಪಿಳ್ಳೆ ಮುಸಲ್ಮಾನರು. ಕಣ್ಣೂರಿನ ಕಡೆಯಿಂದ ಬಂದವರು. ನಾವೆಲ್ಲ ಅವರನ್ನು ಮಲಯಾಳದ ಮಾತಿನಲ್ಲಿ ಮೊದಲಾಳಿ, ಅಂದರೆ ಧಣಿ, ಎಂದೇ ಕರೆಯುತ್ತಿದ್ದೆವು. ಹರೆಯದಲ್ಲಿ ಬೂಟು ಹೊಲಿಯುವ ಕೆಲಸ ಮಾಡಿ, ಆಮೇಲೆ ಅಂಗಡಿ ಇಟ್ಟವರು. ಮೊದಲ ದಿನ ನನ್ನ ಕೈಗೆ ಒಂದು ಕ್ಯಾನ್ವಾಸ್ ಬೂಟು ಕೊಟ್ಟು "ಹೇಗಿದೆ?" ಎಂದರು. ನಾನು ತಿರುಗಿಸಿ ನೋಡಿ "ಚೆನ್ನಾಗಿದೆ" ಅಂದೆ.

"ಎಡಾ ಮೋನೆ, ಮಗನೇ, ಕಣ್ಣು ಆಮೇಲೆ ಸಾಕು. ಮೊದ್ಲು ಕೈ ಒಳಗೆ ಹಾಕು. ಕಾಲು ಹೋಗೋ ಜಾಗಕ್ಕೆ ಕೈ ಹೋಗ್ಲಿ."

ಕೈ ಹಾಕಿದೆ. ಹಿಮ್ಮಡಿಯ ಒಳಗೆ ಹೊಲಿಗೆಯ ಒಂದು ಗಂಟು ಬೆರಳಿಗೆ ತಾಗಿತು. ಕಡಲೆಕಾಳಿನಷ್ಟೂ ಇಲ್ಲ. "ಇದು ಎರಡು ಮೈಲಿ ನಡೆದರೆ ಗುಳ್ಳೆ, ನಾಲ್ಕು ಮೈಲಿಗೆ ಹುಣ್ಣು" ಎಂದರು ಮೊದಲಾಳಿ.

ಆ ವಾರವೆಲ್ಲ ಅವರು ಕಲಿಸಿದ್ದು ಇಷ್ಟು. ಬೂಟನ್ನು ಗಾಜಿನ ಮೇಲೆ ನಿಲ್ಲಿಸಿ ನೋಡಬೇಕು, ಎರಡೂ ಅಲುಗಾಡದೆ ನಿಲ್ಲಬೇಕು. ಹಿಂದಿನ ಹೊಲಿಗೆ ನೆಟ್ಟಗಿರಬೇಕು. ಓರೆಯಾದರೆ ಹಾಕಿಕೊಂಡವನ ನಡಿಗೆಯೂ ಓರೆಯಾಗುತ್ತದೆ. ಬೂಟು ಬಾಗಬೇಕಾದದ್ದು ಬೆರಳುಗಳ ಬುಡದಲ್ಲಿ. ನಡುವಿನಲ್ಲಿ ಬಾಗಿದರೆ ಅಂಗಾಲು ನೋಯುತ್ತದೆ. ಕಣಕಾಲಿನ ಹತ್ತಿರದ ಬಟ್ಟೆ ಎರಡು ಪದರ ಇರಬೇಕು, ಆದರೆ ಬಿಗಿಯಾಗಿ ಕಂಬದಂತೆ ಇರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಅಟ್ಟೆ, ಬೂಟಿನ ತಳ. ಒಳ್ಳೆಯ ಕಂಪನಿಯವರು ಬಟ್ಟೆಗೆ ರಬ್ಬರಿನ ಅಟ್ಟೆ ಕೂಡಿಸಿ ಎರಡನ್ನೂ ಒಟ್ಟಿಗೆ ಬೇಯಿಸುತ್ತಾರೆ, ಅದು ಬಿಡುವುದಿಲ್ಲ. ಕಳಪೆಯವರು ಗೋಂದು ಹಚ್ಚಿ ಅಂಟಿಸುತ್ತಾರೆ. ಮೂಗಿನ ಹತ್ತಿರ ಹಿಡಿದರೆ ವಾಸನೆಯಲ್ಲೇ ಗೊತ್ತಾಗುತ್ತದೆ.

ಇಷ್ಟು ಕಲಿತ ಮೇಲೆ ನನಗೆ ಎಲ್ಲ ಬಂದುಬಿಟ್ಟಿತು ಅನ್ನಿಸಿತು. ಮೊದಲ ಪೆಟ್ಟು ಕೊಟ್ಟವನು ಮಂದಣ್ಣ. ವಿರಾಜಪೇಟೆ ಬಸ್ಸಿನ ಕಂಡಕ್ಟರು, ರಜೆಯ ದಿನ ಹಾಕಿ ಆಡುವವನು. ಚಿಕ್ಕಂದಿನಿಂದ ಗದ್ದೆಯ ಏರಿಯ ಮೇಲೆ ಬರಿಗಾಲಿನಲ್ಲೇ ಓಡಿ ಬೆಳೆದ ಕಾಲು ಅವನದು. ಬೆರಳುಗಳು ಬೀಸಣಿಗೆ ಬಿಚ್ಚಿದಂತೆ ಹರಡಿಕೊಂಡಿದ್ದವು. ನಾನು ಉದ್ದ ಅಳೆದು ಎಂಟನೇ ನಂಬರು ಕೊಟ್ಟೆ. "ಬಿಗಿ ಉಂಟಲ್ಲ ಬೆಳ್ಯಪ್ಪ" ಎಂದ. "ಹಾಕ್ತಾ ಹಾಕ್ತಾ ಸಡಿಲ ಆಗ್ತದೆ" ಎಂದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹೆಚ್ಚು ಸಲ ಹೇಳಿದ ಸುಳ್ಳು ಬೇರೊಂದಿಲ್ಲ. ಹದಿನೈದು ದಿನ ಬಿಟ್ಟು ಅವನು ಅಂಗಡಿಗೆ ಬಂದು ಬೆಂಚಿನ ಮೇಲೆ ಕಾಲಿಟ್ಟ. ಎರಡೂ ಬೂಟಿನ ಪಕ್ಕದಲ್ಲಿ ಬ್ಲೇಡಿನಿಂದ ಕತ್ತರಿಸಿದ ತೂತು. ಅದರಿಂದ ಕಿರುಬೆರಳು ಹೊರಗೆ ಇಣುಕುತ್ತಿತ್ತು.

"ನೋಡ್ ಬೆಳ್ಯಪ್ಪ, ನಿನ್ನ ಬೂಟಿಗೆ ಕಿಟಕಿ ಇಟ್ಟಿದ್ದೀನಿ. ಈಗ ಗಾಳಿ ಬೆಳಕು ಎಲ್ಲಾ ಉಂಟು."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಂದಿನಿಂದ ಗಿರಾಕಿಯನ್ನು ನಿಲ್ಲಿಸಿ, ಎರಡೂ ಪಾದವನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಗೀಚಿಕೊಳ್ಳುವ ಪದ್ಧತಿ ಶುರು ಮಾಡಿದೆ. ಕುಳಿತ ಪಾದ ಬೇರೆ, ಮೈಭಾರ ಹೊತ್ತ ಪಾದ ಬೇರೆ. ಬೆಳಗಿನ ಪಾದ ಬೇರೆ, ಸಂಜೆಯ ಪಾದ ಬೇರೆ. ಎಡದ್ದೂ ಬಲದ್ದೂ ಒಂದೇ ಇದ್ದವರನ್ನು ನಾನು ಕಂಡೇ ಇಲ್ಲ ಅನ್ನಬೇಕು.

ಆದರೆ ಮಂದಣ್ಣನ ತಪ್ಪು ನಗುವಿನಲ್ಲಿ ಮುಗಿಯಿತು. ಮುಂದಿನದು ಹಾಗಲ್ಲ.

ಮರುವರ್ಷ ಬೇಸಿಗೆಯಲ್ಲಿ ಮದ್ರಾಸಿನಿಂದ ವರದರಾಜು ಎಂಬ ಏಜೆಂಟ್ ಬಂದ. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ತಗಡಿನ ಟ್ರಂಕಿನ ತುಂಬ ಸ್ಯಾಂಪಲ್. ಅವುಗಳಲ್ಲಿ ಒಂದನ್ನು ನೋಡಿದ್ದೇ ನನಗೆ ಮರುಳು ಹಿಡಿಯಿತು. ಕಪ್ಪು ಕ್ಯಾನ್ವಾಸು, ಬೆರಳಿನ ಕಡೆ ಹಾಲಿನಂಥ ಬಿಳಿ ರಬ್ಬರಿನ ಟೋಪಿ, ಅಟ್ಟೆಯ ಸುತ್ತ ಬಿಳಿ ಪಟ್ಟಿ, ಕಣಕಾಲಿನ ಒಳಬದಿಗೆ ಗುಂಡನೆಯ ಬಿಲ್ಲೆ. ಅದರ ಪಕ್ಕದಲ್ಲಿ ನಮ್ಮ ಅಂಗಡಿಯ ಹಳೆಯ ಮಣ್ಣುಬಣ್ಣದ ಬೂಟು ಗೋಣಿಚೀಲದಂತೆ ಕಂಡಿತು.

"ಮದ್ರಾಸಲ್ಲಿ ಕಾಲೇಜ್ ಪಸಂಗ, ಹುಡುಗ್ರು ಎಲ್ಲಾ ಇದೇ ಹಾಕ್ತಾರೆ ಸಾರ್" ಎಂದ ವರದರಾಜು.

ಮೊದಲಾಳಿ ಕೈ ಒಳಗೆ ಹಾಕಿದರು, ಮೂಗಿನ ಹತ್ತಿರ ಹಿಡಿದರು. "ಗೋಂದಿನ ವಾಸನೆ ಬರ್ತದೆ" ಎಂದರು. ನಾನು ಬಿಡಲಿಲ್ಲ. ಎಲ್ಲ ಬೂಟಿನಲ್ಲೂ ಒಂದಿಷ್ಟು ವಾಸನೆ ಇದ್ದೇ ಇರುತ್ತದೆ, ಊರಿನ ಹುಡುಗರು ಈಗ ಚಂದ ಕೇಳುತ್ತಾರೆ, ಎರಡು ಡಜನ್ ತೆಗೆದುಕೊಳ್ಳೋಣ ಎಂದು ವಾದಿಸಿದೆ. ಅವರು ನನ್ನ ಮುಖ ನೋಡಿ, "ಸರಿ. ನೀನು ಆರಿಸಿದ್ದು, ನೀನೇ ಮಾರು" ಎಂದರು. ನನಗಾದ ಹೆಮ್ಮೆ ಹೇಳತೀರದು.

ಜೂನ್ ತಿಂಗಳಿನಲ್ಲಿ ಮಳೆ ಹಿಡಿದ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಬಿಳಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಗಂಡಸರ ದೊಡ್ಡ ಕೊಡೆ. ಇಪ್ಪತ್ತೈದು, ಇಪ್ಪತ್ತಾರರ ಪ್ರಾಯ. ಬೆಂಚಿನ ಮೇಲೆ ಕುಳಿತವಳೇ ಹೇಳಿದಳು: "ಅಣ್ಣಾ, ಹಾಕಿ ಆಡೋರು ಹಾಕ್ಕಳೋ ಬೂಟು ಐತಲ್ಲ, ಅದು ಒಂದು ಜೊತೆ ಕೊಡಿ."

"ಯಾರಿಗಮ್ಮ? ತಮ್ಮನಿಗಾ?"

"ನಂಗೇಯ."

ಪಕ್ಕದಲ್ಲಿ ಚಪ್ಪಲಿ ನೋಡುತ್ತಿದ್ದ ಇಬ್ಬರು ತಲೆ ಎತ್ತಿದರು. ನನ್ನ ಮುಖದಲ್ಲೂ ನಗು ಬಂದಿರಬೇಕು. ಮೊದಲಾಳಿ ಗಲ್ಲಾಪೆಟ್ಟಿಗೆಯ ಹತ್ತಿರದಿಂದ ನನ್ನನ್ನು ದುರುಗುಟ್ಟಿ ನೋಡಿದರು. ನಗು ಇಂಗಿತು.

ಅವಳ ಹೆಸರು ಜಯಮ್ಮ. ಕೊಡ್ಲಿಪೇಟೆಯವಳು. ನೆಲ್ಯಹುದಿಕೇರಿಯ ಕಡೆ ಮಿಡ್‌ವೈಫ್ ಕೆಲಸಕ್ಕೆ ಬಂದು ಮೂರು ತಿಂಗಳಾಗಿತ್ತು. ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನುಮನೆಗಳಿಗೆ, ಹೊಳೆಯಾಚೆಯ ಒಂಟಿ ಮನೆಗಳಿಗೆ ಹೆರಿಗೆ ಮಾಡಿಸಲು ನಡೆದೇ ಹೋಗಬೇಕು. ಸೆರಗಿನ ತುದಿಯಿಂದ ಕಾಲು ಒರೆಸಿಕೊಂಡು ತೋರಿಸಿದಳು. ಕಣಕಾಲಿನ ಸುತ್ತ ಜಿಗಣೆ ಕಚ್ಚಿದ ಗಾಯ, ಕೆರೆದು ಕೆರೆದು ಹುಣ್ಣಾಗಿತ್ತು.

"ಚಪ್ಲಿ ಕೆಸರಲ್ಲೇ ಉಳ್ಕಳುತ್ತೆ, ಕಾಲು ಮಾತ್ರ ಮುಂದಕ್ಕೆ ಬತ್ತದೆ. ಬರಿಗಾಲಲ್ಲಿ ಹೋಗೋಣ ಅಂದ್ರೆ ಇದು. ಹಾಕಿ ಆಡೋರ್ನ ನೋಡ್ದೆ. ಅವ್ರ ಕಾಲು ಪೂರ್ತಿ ಮುಚ್ಚಿರುತ್ತೆ. ನಂಗೂ ಅಂಥದ್ದೇ ಬೇಕು."

ಗಂಡಸರ ನಂಬರಿನಲ್ಲಿ ಅತಿ ಚಿಕ್ಕದನ್ನು ತೆಗೆದೆ. ಹಳೆಯ ಮಣ್ಣುಬಣ್ಣದ್ದು ಒಂದು, ನನ್ನ ಕಪ್ಪು ಬೂಟು ಒಂದು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಅವಳು ಕೇಳಿದ್ದು ಒಂದೇ ಪ್ರಶ್ನೆ: "ಯಾವ್ದು ಗಟ್ಟಿ ಅಣ್ಣ?"

"ಕಪ್ಪಿನದು" ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. ಅದನ್ನು ಆರಿಸಿದವನು ನಾನಾಗಿದ್ದೆ. ಅದಕ್ಕೇ ಹಾಗೆ ಹೇಳಿದ್ದು. ಅದರ ಅಟ್ಟೆ ಮಳೆಗೆ ತಡೆಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಅವಳು ಮತ್ತೆ ಬಂದಳು. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿತ್ತು. ಕಾಗದದಲ್ಲಿ ಸುತ್ತಿ ತಂದಿದ್ದ ಬೂಟನ್ನು ಬೆಂಚಿನ ಮೇಲಿಟ್ಟಳು. ಬಲಗಾಲಿನ ಅಟ್ಟೆ ಬೆರಳಿನ ಕಡೆಯಿಂದ ನಡುವಿನ ತನಕ ಬಿಟ್ಟುಕೊಂಡು ಮೀನಿನ ಬಾಯಿಯಂತೆ ತೆರೆದಿತ್ತು.

ನಡೆದದ್ದು ಹೀಗೆ. ಹಿಂದಿನ ವಾರ ಬೆಳಿಗ್ಗೆ ಒಂದು ತೋಟದ ಲೈನಿನಿಂದ ಅವಳಿಗೆ ಕರೆ ಬಂತು. ಲಕ್ಷ್ಮಿ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆ, ನೋವು ಶುರುವಾಗಿ ಬಹಳ ಹೊತ್ತಾಗಿತ್ತು. ನಡುದಾರಿಯಲ್ಲಿ ಒಂದು ತೋಡು, ನಮ್ಮ ಕಡೆ ಸಣ್ಣ ಹಳ್ಳಕ್ಕೆ ಹಾಗೆನ್ನುತ್ತಾರೆ. ಅದನ್ನು ದಾಟಿ ಏರಿ ಹತ್ತುವಾಗ ಬಾಯಿಬಿಟ್ಟ ಅಟ್ಟೆ ಬೇರಿಗೆ ಸಿಕ್ಕಿಕೊಂಡಿತು. ಜಯಮ್ಮ ಕೈಯೂರಿ ಬಿದ್ದಳು. ಚೀಲ ನೀರಿಗೆ ಬಿತ್ತು. ಕತ್ತರಿ, ದಾರ, ಹತ್ತಿ, ಔಷಧದ ಬಾಟಲಿ ಎಲ್ಲ ಹೋಯಿತು. ಬೂಟು ಕಳಚಿ ಬಗಲಿಗಿಟ್ಟುಕೊಂಡು ಬರಿಗಾಲಲ್ಲಿ ಓಡಿದಳು. ಲೈನುಮನೆಯಲ್ಲಿದ್ದ ಕತ್ತರಿ, ಹೊಲಿಗೆ ದಾರ ಕುದಿಸಿ, ನೋವಿನ ಕೈಯಲ್ಲೇ ಹೆರಿಗೆ ಮಾಡಿಸಿದಳು. ಕೂಸು ಮೊದಲು ಅಳಲಿಲ್ಲವಂತೆ. ಬೆನ್ನು ತಟ್ಟಿ, ಬಾಯಿ ಒರೆಸಿದ ಮೇಲೆ ಕೊನೆಗೆ ಅತ್ತಿತು.

"ಇಬ್ರೂ ಚೆನ್ನಾಗವ್ರೆ" ಎಂದಳು. ಒಂದು ಸಲವೂ ದನಿ ಏರಿಸಲಿಲ್ಲ. "ನಾನು ಜಗಳಕ್ಕೆ ಬಂದಿಲ್ಲ ಅಣ್ಣ. ಒಂದು ಮಾತು ಕೇಳ್ತೀನಿ. ಇದನ್ನ ನೀವು ಹಾಕ್ಕಂಡು ಮಳೇಲಿ ಒಂದು ದಿನ ನಡೆದು ನೋಡಿದ್ರಾ?"

"ಇಲ್ಲ."

"ಮತ್ತೆ ಗಟ್ಟಿ ಅಂತ ಹೆಂಗೆ ಹೇಳಿದ್ರಿ?"

ಆ ಗಿಡ್ಡ ಸ್ಟೂಲಿನ ಮೇಲೆ ಕುಳಿತು ನಾನು ಅನುಭವಿಸಿದ ನಾಚಿಕೆಯನ್ನು ಇಂದಿಗೂ ಮರೆತಿಲ್ಲ. ತೋಟದ ಆಳುಗಳನ್ನು ಗದರುವುದು ಬೇಡವೆಂದು ಬಿಟ್ಟು ಬಂದವನು ನಾನು. ಇಲ್ಲಿ ನಯವಾದ ಮಾತಿನಲ್ಲೇ ಒಂದು ಕೂಸಿನ ಜೀವದ ಜೊತೆ ಆಡಿಬಿಟ್ಟಿದ್ದೆ.

ಮೊದಲಾಳಿ ಎದ್ದು ಬಂದು ಬೂಟನ್ನು ಕೈಗೆತ್ತಿಕೊಂಡರು. ನನಗೆ ಬೈಯಲಿಲ್ಲ. "ಶೆಲ್ಫಿಂದ ಎಲ್ಲಾ ಕಪ್ಪು ಬೂಟು ಕೆಳಗಿಳಿಸು" ಎಂದರು, ಅಷ್ಟೆ. ಇಳಿಸಿದೆ. ಅವುಗಳಲ್ಲಿ ಮೂರು ಜೊತೆಯನ್ನು ಹಿತ್ತಲಿನ ಬಕೆಟ್ಟಿನಲ್ಲಿ ನೆನೆಹಾಕಿದೆವು. ಮೂರನೆಯ ದಿನ ಎರಡು ಜೊತೆ ಬಾಯಿ ತೆರೆದವು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಆ ಬಕೆಟ್ಟು ಖಾಯಂ ಆಯಿತು. ಯಾವ ಕಂಪನಿಯ ಸ್ಯಾಂಪಲ್ ಬಂದರೂ ಮೊದಲು ಮೂರು ದಿನ ನೀರಿನಲ್ಲಿ, ಆಮೇಲೆ ನನ್ನ ಕಾಲಿನಲ್ಲಿ.

ವಾರದೊಳಗೆ ನಾನು ಒಂದು ದಿನ ರಜೆ ಕೇಳಿದೆ. ಮಣ್ಣುಬಣ್ಣದ ಬೂಟು ಹಾಕಿಕೊಂಡು ಬೆಳಗಿನ ಬಸ್ಸಿನಲ್ಲಿ ನೆಲ್ಯಹುದಿಕೇರಿಗೆ ಹೋದೆ. ಜಯಮ್ಮ ತನ್ನ ಮನೆ ಬಾಗಿಲಿನಲ್ಲಿ ನನ್ನನ್ನು ಕಂಡು ಗಾಬರಿಯಾದಳು.

"ಏನಣ್ಣ, ಮನೇಲಿ ಯಾರ್ಗಾದ್ರೂ ಹೆರಿಗೆಯಾ?"

"ಅಲ್ಲ. ನೀವು ನಡೆಯೋ ದಾರಿ ನೋಡಬೇಕು. ನಿಮ್ಮ ಚೀಲ ನಾನು ಹೊರುತ್ತೇನೆ."

ಅವಳು ನನ್ನ ಬೂಟನ್ನೂ ಮುಖವನ್ನೂ ನೋಡಿ ಕೊಡೆ ಬಿಚ್ಚಿದಳು. ಹಳೆಯ ಚಪ್ಪಲಿಯಲ್ಲೇ ಮುಂದೆ ಹೊರಟಳು, ನಾನು ಹಿಂದೆ. ತೋಟದ ರೈಟರ್ ಆಗಿದ್ದಾಗ ನಾನು ನಡೆದದ್ದು ಜೀಪಿನ ದಾರಿಯಲ್ಲಿ. ಇದು ಒಳದಾರಿ. ಕಾಫಿ ಗಿಡಗಳ ಕೆಳಗೆ ಬಗ್ಗಿ, ಜಾರುವ ಏರಿ ಹಿಡಿದು, ತೋಡಿನ ಕಲ್ಲಿನಿಂದ ಕಲ್ಲಿಗೆ. ಮೊದಲ ಅರ್ಧ ಮೈಲಿಯಲ್ಲೇ ನನಗೆ ತಿಳಿಯಿತು, ಮೇಜಿನ ಮೇಲೆ ಕಾಣುವ ಬೂಟೇ ಬೇರೆ, ನೀರಿನಲ್ಲಿ ನಡೆಯುವ ಬೂಟೇ ಬೇರೆ ಎಂದು. ಬೂಟಿಗೆ ಮೇಲಿನಿಂದ ನೀರು ಹೋಗುತ್ತದೆ. ಹೋದ ನೀರಿಗೆ ಹೊರದಾರಿ ಇಲ್ಲ, ಒಂದೊಂದು ಕಾಲೂ ತುಂಬಿದ ಬಿಂದಿಗೆ. ಜಿಗಣೆಗಳು ಲೇಸಿನ ಸಂದಿಯಲ್ಲಿ, ಬೂಟಿನ ನಾಲಿಗೆಯ, ಅಂದರೆ ಲೇಸಿನಡಿಯ ಬಟ್ಟೆಯ, ಎರಡೂ ಪಕ್ಕದಲ್ಲಿ ನುಸುಳಿ ಒಳಗೆ ಸೇರುತ್ತವೆ. ಹೊರಗಿದ್ದರೆ ಕಿತ್ತು ಬಿಸಾಡಬಹುದು, ಒಳಗಿದ್ದರೆ ಅವುಗಳದೇ ರಾಜ್ಯ. ಒದ್ದೆ ಕ್ಯಾನ್ವಾಸು ಹಿಮ್ಮಡಿಯನ್ನು ಉಜ್ಜುತ್ತದೆ. ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಜಾರಿ ಬೆರಳು ತುದಿಗೆ ಬಡಿಯುತ್ತದೆ.

ಲಕ್ಷ್ಮಿಯ ಲೈನುಮನೆ ತಲುಪಿದಾಗ ನನ್ನ ಅವಸ್ಥೆ ನೋಡಿ ಅವಳ ಅತ್ತೆ ಜಯಮ್ಮನನ್ನು ಕೇಳಿದಳು: "ಯಾರಮ್ಮಾ ಇವರು? ಡಾಕ್ಟರಾ?"

"ಹೂಂ" ಎಂದಳು ಜಯಮ್ಮ. "ನನ್ನ ಬೂಟಿನ ಡಾಕ್ಟ್ರು."

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿ ಬಗ್ಗಿಸಿದೆ. ಕೆಟಲಿನಿಂದ ಚಹಾ ಸುರಿದ ಹಾಗೆ ಕೆಂಪು ನೀರು ಬಂತು. ಅತ್ತೆ ಸುಣ್ಣ ತಂದು ನನ್ನ ಕಾಲಿನ ಜಿಗಣೆಗಳನ್ನು ಒಂದೊಂದಾಗಿ ಬಿಡಿಸಿದಳು. ಎಸ್ಟೇಟಿನಲ್ಲಿ ನಾನು ಹಾಜರಿ ಕೂಗುತ್ತಿದ್ದದ್ದು ಇಂಥ ಹೆಂಗಸರದ್ದೇ. ಇವತ್ತು ಅವಳು ನನ್ನ ಕಾಲು ಹಿಡಿದಿದ್ದಳು. ದೊಡ್ಡಪ್ಪನ ಮಾತು ನೆನಪಾಗಿ, ಅದರಲ್ಲಿ ನಾಚಿಕೆಪಡುವಂಥದ್ದು ಏನಿತ್ತು ಅನ್ನಿಸಿತು. ಒಳಗೆ ಜಯಮ್ಮ ಕೂಸನ್ನು ನೋಡಿ, ಹೊರಗೆ ತಂದು ನನ್ನ ಕೈಗೆ ಕೊಟ್ಟಳು. ಗಂಡು ಮಗು. ಅಂಗೈ ಅಗಲದ ಮುಖ. ಪಾದ ನೋಡಿದೆ, ಅಭ್ಯಾಸಬಲ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದವಿತ್ತು. ಆ ಕೂಸು ಅಳದೇ ಹೋಗಿದ್ದರೆ ಎಂದು ಯೋಚಿಸಿದೆ. ಮುಂದೆ ಯೋಚಿಸಲು ಧೈರ್ಯವಾಗಲಿಲ್ಲ.

ಮರುದಿನ ಎಲ್ಲವನ್ನೂ ಮೊದಲಾಳಿಗೆ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಮಣ್ಣುಬಣ್ಣದ ಬೂಟನ್ನು ಮೊಣಕಾಲ ಮೇಲಿಟ್ಟು ತಿರುಗಿಸುತ್ತಿದ್ದರು. ಆಮೇಲೆ ಶರಟಿನ ತೋಳು ಮಡಚಿ, ಒಳಗಿನಿಂದ ಒಂದು ಹಳೆಯ ಪೆಟ್ಟಿಗೆ ತಂದರು. ದಬ್ಬಣ, ಮೇಣ ಹಚ್ಚಿದ ದಾರ, ಬಾಗಿದ ಸೂಜಿ. ಎಷ್ಟೋ ವರ್ಷಗಳ ಮೇಲೆ ಅವರು ಅದನ್ನು ತೆರೆದದ್ದು. ಅಂಗಡಿಯ ಯಜಮಾನರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹೊಲಿಯತೊಡಗಿದರು. ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು ನೋಡಿದರು.

ನಾಲಿಗೆಯ ಎರಡೂ ಪಕ್ಕಕ್ಕೆ ತೆಳು ಕ್ಯಾನ್ವಾಸಿನ ಪಟ್ಟಿ ಕೊಟ್ಟು ಬೂಟಿನ ಬದಿಗೆ ಸೇರಿಸಿದರು. ಈಗ ಲೇಸು ಸಡಿಲಿಸಿದರೂ ಸಂದಿ ಇಲ್ಲ, ಮಡಿಕೆ ಮಾತ್ರ. ಗಾಳಿಗೆಂದು ಪಕ್ಕದಲ್ಲಿ ಮೇಲಕ್ಕಿದ್ದ ತೂತುಗಳಿಗೆ, ನಮ್ಮ ಕಸುಬಿನ ಮಾತಿನಲ್ಲಿ ಹಿತ್ತಾಳೆಯ ಕಣ್ಣುಗಳಿಗೆ, ಒಳಗಿನಿಂದ ಬಟ್ಟೆ ಹೊಲಿದು ಮುಚ್ಚಿ, ನೀರು ಹೊರಗೆ ಹೋಗಲೆಂದು ಅಟ್ಟೆಯ ಅಂಚಿಗೇ ಎರಡು ಸಣ್ಣ ಕಣ್ಣು ಹೊಸದಾಗಿ ಹೊಡೆದರು. ಜಿಗಣೆ ತೂರದ ಹಾಗೆ ಅದಕ್ಕೆ ಒಳಗಿನಿಂದ ಜಾಲರಿ ಬಟ್ಟೆ. ಹಿಮ್ಮಡಿಗೆ ಹಳೆಯ ಫೆಲ್ಟ್ ಹ್ಯಾಟಿನಿಂದ ಕತ್ತರಿಸಿದ ಮೆತ್ತೆ. ಗಂಡಸರ ಬೂಟಿನಲ್ಲಿ ಹೆಂಗಸರ ಹಿಮ್ಮಡಿ ಆಡುತ್ತದೆ, ಈ ಮೆತ್ತೆ ಅದನ್ನು ಹಿಡಿಯುತ್ತದೆ.

ಮೊದಲ ಜೊತೆಯನ್ನು ಜಯಮ್ಮ ಒಂದು ವಾರ ಹಾಕಿ ತಂದಳು. "ಹಿಮ್ಮಡಿ ಸರಿಯಾಗೈತೆ. ಬೆರಳು ಇನ್ನೂ ತುದಿಗೆ ಬಡೀತದೆ." ಕಾರಣ ಹುಡುಕಲು ಎರಡು ದಿನ ಬೇಕಾಯಿತು. ತಪ್ಪು ಬೂಟಿನದಲ್ಲ, ಲೇಸಿನದು. ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಗಿ ಕಟ್ಟುತ್ತಿದ್ದಳು. ಪಾದ ಕಣಕಾಲಿಗೆ ಸೇರುವಲ್ಲಿ ಬಿಗಿಯಾಗಿ ಒಂದು ಗಂಟು, ಅದರ ಮೇಲೆ ಕಣಕಾಲಿಗೆ ಸಡಿಲ, ಹಾಗೆ ಕಟ್ಟಲು ತೋರಿಸಿದೆ. ಇಳಿಜಾರಿನಲ್ಲಿ ಕಾಲು ಜಾರುವುದು ನಿಂತಿತು. ಎರಡನೆಯ ಸಲ ಬಂದು, ಕೆಳಗಿನ ಕಣ್ಣಿನಲ್ಲಿ ಮಣ್ಣು ಕಟ್ಟುತ್ತದೆ ಎಂದಳು. ಮೊದಲಾಳಿ ಕಣ್ಣನ್ನು ಸ್ವಲ್ಪ ದೊಡ್ಡದು ಮಾಡಿದರು. ಆ ಮಳೆಗಾಲವೆಲ್ಲ ಹೀಗೇ ಹೋಯಿತು. ಅವಳು ನಡೆಯುವುದು, ಬಂದು ತಪ್ಪು ಹೇಳುವುದು, ನಾವು ಬಿಚ್ಚಿ ಹೊಲಿಯುವುದು.

ಸೆಪ್ಟೆಂಬರಿನಲ್ಲಿ ಒಂದು ದಿನ ಅವಳು ಬೇರೆ ಯಾವುದೋ ಕೆಲಸಕ್ಕೆ ಮಡಿಕೇರಿಗೆ ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು: "ಅಣ್ಣಾ, ನಿನ್ನೆ ಮೂರು ಕಡೆ ಹೋಗಿ ಬಂದೆ. ಮನೆಗೆ ಬಂದು ಮಲಗೋ ಹೊತ್ತಿಗೆ ಗ್ಯಾನ ಬಂತು, ಇಡೀ ದಿನ ನನ್ನ ಕಾಲಿನ ಇಚಾರ ನೆಪ್ಪೇ ಆಗ್ಲಿಲ್ಲ."

ಹೊಸದಾಗಿ ಈ ಕೆಲಸಕ್ಕೆ ಬಂದ ನೀವು ಗಿರಾಕಿಯನ್ನು "ಆರಾಮವಾಗಿದೆಯಾ" ಎಂದು ಕೇಳುತ್ತೀರಿ. ಅಂಗಡಿಯಲ್ಲಿ ಎರಡು ಹೆಜ್ಜೆ ಹಾಕಿ ಅವರು ಹೌದು ಅನ್ನುತ್ತಾರೆ. ಅದು ಏನೂ ಅಲ್ಲ. ಆರಾಮ ಎಂದರೆ ಜಯಮ್ಮ ಹೇಳಿದ್ದು. ಆಮೇಲೆ ಎಷ್ಟೋ ಜನ ನನ್ನನ್ನು ಹೊಗಳಿದ್ದಾರೆ, ಅದಕ್ಕೆ ಸಮನಾದ ಮಾತು ಕೇಳಿಲ್ಲ.

ವರದರಾಜು ಮತ್ತೆ ಬಂದಾಗ ನಾನು ಬಾಯಿಬಿಟ್ಟ ಬೂಟನ್ನು ಮುಂದಿಟ್ಟೆ. ಕೋಪದಲ್ಲಿ ಏನೇನೋ ಅಂದೆ. ಅವನು ಎಲ್ಲ ಕೇಳಿ ಮೆಲ್ಲಗೆ ಹೇಳಿದ: "ತಪ್ಪಾಯ್ತು ಸಾರ್. ಆದ್ರೆ ಇದು ಸಿಮೆಂಟ್ ನೆಲದಲ್ಲಿ ಆಟ ಆಡೋಕೆ ಮಾಡಿದ್ದು. ಹೊಳೆ ದಾಟೋಕೆ ಅಂತ ನಾನು ಹೇಳ್ಲೇ ಇಲ್ಲ."

ನಿಜ. ಅವನು ಹೇಳಿರಲಿಲ್ಲ. ಹೇಳಿದವನು ನಾನು. ಉಳಿದ ಕಪ್ಪು ಬೂಟುಗಳನ್ನು ಮೊದಲಾಳಿ ಬೇಸಿಗೆ ಬಂದ ಮೇಲೆ ಮತ್ತೆ ಶೆಲ್ಫಿನಲ್ಲಿಟ್ಟರು. ಒಳಾಂಗಣದಲ್ಲಿ ಶಟ್ಲ್ ಆಡುವವರಿಗೆ ಮಾತ್ರ, ಅದೂ "ನೀರು ತಾಗಿಸಬೇಡಿ" ಎಂದು ಹೇಳಿ ಕೊಟ್ಟೆವು. ಒಬ್ಬರೂ ದೂರಲಿಲ್ಲ.

ಮಣ್ಣುಬಣ್ಣದ ಬೂಟಿನ ಕಂಪನಿಗೆ ನಾನು ಒಂದು ಉದ್ದದ ಕಾಗದ ಬರೆದೆ. ಚಿಕ್ಕ ನಂಬರು, ಸಪೂರ ಹಿಮ್ಮಡಿ, ಹೊಲಿದ ನಾಲಿಗೆ, ಕೆಳಗಿನ ಕಣ್ಣು. ಚಿತ್ರ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಎರಡನೆಯ ಕಾಗದದ ಜೊತೆ ಮೊದಲಾಳಿ ತಾವು ಹೊಲಿದ ಒಂದು ಜೊತೆ ಬೂಟನ್ನೇ ಪಾರ್ಸೆಲ್ ಮಾಡಿದರು. ಅದಕ್ಕೂ ಉತ್ತರವಿಲ್ಲ. ನಾವು ಕೈಬಿಟ್ಟೆವು. ಮರುವರ್ಷದ ಮೇ ತಿಂಗಳಲ್ಲಿ ಲಾರಿ ಆಫೀಸಿನಿಂದ ಒಂದು ಪೆಟ್ಟಿಗೆ ಬಂತು. ಬಿಚ್ಚಿದರೆ ಮಣ್ಣುಬಣ್ಣದ ಬೂಟುಗಳು. ಕೈ ಹಾಕಿದೆ. ನಾಲಿಗೆಯ ಪಕ್ಕದಲ್ಲಿ ಪಟ್ಟಿ! ಅಟ್ಟೆಯ ಅಂಚಿಗೆ ಎರಡು ಕಣ್ಣು! ನಮ್ಮದಕ್ಕಿಂತ ಚಂದವಾದ ಹೊಲಿಗೆ, ಚಿಕ್ಕ ನಂಬರುಗಳು ಕೂಡ. ಕಾಗದವಾಗಲೀ, ಧನ್ಯವಾದವಾಗಲೀ ಇರಲಿಲ್ಲ. ನನಗೆ ಅದು ಬೇಕೂ ಇರಲಿಲ್ಲ. ಮೊದಲಾಳಿ ಒಂದು ಬೂಟನ್ನು ಎತ್ತಿ ಹಿಡಿದು, ಮಗನ ಮಾರ್ಕ್ಸ್ ಕಾರ್ಡ್ ನೋಡುವ ಅಪ್ಪನಂತೆ ಬಹಳ ಹೊತ್ತು ನೋಡಿದರು.

ಇಲ್ಲಿ ಚಂದದ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ಪೆಟ್ಟು ತಿಂದ ಮೇಲೆ ಬೂಟಿನ ಚಂದದ ಮಾತೆತ್ತಿದರೇ ನನಗೆ ಸಿಡುಕು. ಹೊಸ ಬೂಟು ತೋರಿಸಿದಾಗ ಜಯಮ್ಮ, "ಎಲ್ಲ ಸರಿ, ಈ ಬಣ್ಣ ಒಂದು ಸಗಣಿ ಇದ್ದಂಗೈತೆ" ಎಂದಳು.

"ಮದುವೆ ಮನೆಗೆ ಹೋಗೋಕಾ ಇದು?" ಎಂದೆ ಒರಟಾಗಿ.

"ಕೂಸು ಹುಟ್ಟೋ ಮನೆಗೆ ಹೋಗೋದು ಮದುವೆ ಮನೆಗಿಂತ ಕಮ್ಮಿಯಾ ಅಣ್ಣ? ಎಲ್ರೂ ಬಾಗಿಲಲ್ಲಿ ನಿಂತು ನಾ ಬರೋ ದಾರಿನೇ ನೋಡ್ತಿರ್ತಾರೆ."

ಚಂದಕ್ಕೆ ಮರುಳಾಗಿದ್ದು ಹೇಗೆ ತಪ್ಪೋ, ಚಂದ ಕೇಳುವವರನ್ನು ಹೀಯಾಳಿಸುವುದೂ ಹಾಗೇ ತಪ್ಪು. ಒಳಗೆ ಹೋಗಿ ಹುಡುಕಿ, ದಾಸವಾಳದ ಬಣ್ಣದ ಕೆಂಪು ಲೇಸು ತಂದು ಕಟ್ಟಿಕೊಟ್ಟೆ. ಮಣ್ಣುಬಣ್ಣದ ಮೇಲೆ ಆ ಕೆಂಪು, ಮೇಲೆ ಬಿಳಿ ಸೀರೆ. ಅವಳು ಕನ್ನಡಿಯ ಮುಂದೆ ಸೀರೆಯ ಅಂಚು ಸ್ವಲ್ಪ ಎತ್ತಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡಳು.

ಆ ಜೂನಿನಲ್ಲಿ ಜಿಲ್ಲೆಯ ಮಿಡ್‌ವೈಫುಗಳಿಗೆಲ್ಲ ಮಡಿಕೇರಿಯಲ್ಲಿ ಮೀಟಿಂಗ್ ಇತ್ತು. ಮಧ್ಯಾಹ್ನ ಮೀಟಿಂಗ್ ಬಿಟ್ಟ ಮೇಲೆ ಐದು ಜನ ಬಿಳಿ ಸೀರೆಯವರು ಕೊಡೆ ಮಡಚುತ್ತಾ ಅಂಗಡಿಗೆ ನುಗ್ಗಿದರು. "ಜಯಮ್ಮನ ಬೂಟು ಇಲ್ಲೇನಾ ಸಿಗೋದು?" ಎಂದಳು ಒಬ್ಬಳು. ಒಬ್ಬೊಬ್ಬರದೂ ಒಂದೊಂದು ಭಾಷೆ, ಬೆಂಚಿನ ಮೇಲೆ ಸಂತೆಯ ಗದ್ದಲ. ಪಾದಗಳನ್ನು ಗೀಚಿಕೊಂಡೆ, ಮೆತ್ತೆ ಇಟ್ಟೆ, ಲೇಸು ಕಟ್ಟುವುದನ್ನು ತೋರಿಸಿದೆ. ಕೆಂಪು ಲೇಸಿಗೆ ಇಬ್ಬರ ನಡುವೆ ಸಣ್ಣ ಜಗಳವೇ ಆಯಿತು. ಎಲ್ಲರೂ ಹಾಕಿಕೊಂಡು ನಿಂತ ಮೇಲೆ, ಭಾಗಮಂಡಲದ ಕಡೆಯಿಂದ ಬಂದಿದ್ದ ದಪ್ಪನೆಯ ನಡುವಯಸ್ಸಿನ ಹೆಂಗಸು ನನ್ನನ್ನು ಅನುಮಾನದಿಂದ ನೋಡಿ, "ನೀರಲ್ಲಿ ಹೇಂಗೋ ಏನೋ" ಎಂದಳು.

ಹೊರಗೆ ಮಳೆ ಹೊಯ್ಯುತ್ತಿತ್ತು. ಅಂಗಡಿಯ ಮುಂದಿನ ಚರಂಡಿ ತುಂಬಿ ರಸ್ತೆಗೆ ಹರಿದಿತ್ತು. ಆಕೆ ಸೀರೆ ಎತ್ತಿ ಕಟ್ಟಿ ನೇರವಾಗಿ ಆ ನೀರಿಗೆ ಇಳಿದಳು. ಅವಳ ಹಿಂದೆ ಉಳಿದ ನಾಲ್ವರು. ಐದು ಜನ ಹೆಂಗಸರು ಪೇಟೆಯ ನಡುವೆ, ಮೊಣಕಾಲಿನ ಕೆಳಗಿನ ನೀರಿನಲ್ಲಿ, ಧಡಧಡನೆ ಕಾಲು ಬಡಿಯುತ್ತಾ ಅತ್ತಿಂದಿತ್ತ ನಡೆದರು. ಎದುರಿನ ಹೋಟೆಲಿನವರು ಬಾಗಿಲಿಗೆ ಬಂದರು. ಹೋಗುತ್ತಿದ್ದ ಬಸ್ಸು ನಿಧಾನವಾಯಿತು. ಮೊದಲಾಳಿ ಗಲ್ಲಾಪೆಟ್ಟಿಗೆಯ ಹತ್ತಿರ ಎದ್ದು ನಿಂತಿದ್ದರು. ನಾನು ಬಾಗಿಲಿಗೆ ಬಂದು ಆ ಹತ್ತು ಬೂಟುಗಳನ್ನೇ ನೋಡುತ್ತಿದ್ದೆ.

ಭಾಗಮಂಡಲದವಳು ಮೆಟ್ಟಿಲು ಹತ್ತಿ ಬಂದು, ಒಂದು ಕಾಲು ಎತ್ತಿ ಹಿಡಿದಳು. ಅಟ್ಟೆಯ ಅಂಚಿನ ಎರಡು ಕಣ್ಣಿನಿಂದ ಎರಡು ಸಣ್ಣ ಧಾರೆ ಚಿಮ್ಮಿ, ತೆಳ್ಳಗಾಗಿ, ನಿಂತಿತು. ಅದು ನಿಲ್ಲುವ ತನಕ ಅವಳು ನೋಡಿದಳು.

"ನೀರು ಒಳಗೆ ಬಂತು" ಎಂದಳು. ಬೆರಳುಗಳನ್ನು ಒಳಗೇ ಆಡಿಸಿ ನೋಡಿದಳು. "ಹಾಂಗೇ ಹೊರಗೂ ಹೋಯ್ತು. ಕಾಗದಲಿ ಕಟ್ಟುದು ಬೇಡ ಅಣ್ಣ, ಹಾಕಿಕೊಂಡೇ ಹೋಗ್ತೆ."